ಬೀದಿಯವರಿಗೆ ಉತ್ಸವದಲ್ಲಿ ಸಿಕ್ಕಿದ್ದು

ಘಟ್ಟ ದಾಟಿ ಬಯಲುಸೀಮೆಗೆ ಹೋದವರಿಗೆ ಮೊದಲು ಗೊತ್ತಾಗುವುದು ಗಾಳಿಯ ವ್ಯತ್ಯಾಸ. ನಮ್ಮ ಕರಾವಳಿಯಲ್ಲಿ ಜನವರಿಯಲ್ಲೂ ಬೆವರು ಒಣಗುವುದಿಲ್ಲ. ಅಲ್ಲಿ ತುಟಿ ಒಡೆಯುತ್ತದೆ, ಎಷ್ಟು ಎಣ್ಣೆ ಹಚ್ಚಿದರೂ ಕೂದಲು ಒಣಹುಲ್ಲಿನಂತಾಗುತ್ತದೆ. ರಸ್ತೆಯ ಎರಡೂ ಕಡೆ ತೆನೆ ಬಿಟ್ಟ ಜೋಳ, ನಡುನಡುವೆ ಕುಸುಬೆಯ ಸಾಲು, ದೂರದಲ್ಲಿ ಯಾರೋ ಒಂದರ ಮೇಲೊಂದು ಪೇರಿಸಿಟ್ಟಂತಹ ಬಂಡೆಗಳ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಕುಸಿದ ಕೋಟೆ. 2024ರ ಜನವರಿಯಲ್ಲಿ ನಾನು ಮತ್ತು ನನ್ನ ಜೊತೆಯ ಇನ್ನೊಬ್ಬ ಶಿಕ್ಷಕಿ ನಮ್ಮ ಶಾಲೆಯ ಆರು ಹುಡುಗಿಯರನ್ನು ಕರೆದುಕೊಂಡು ಅಂತಹ ಒಂದು ಊರಿಗೆ ಹೋಗಿದ್ದೆವು. ಅಲ್ಲಿ ಮೂರು ದಿನಗಳ ಕಲಾ ಉತ್ಸವ. ಮಕ್ಕಳ ಚಿತ್ರಕಲಾ ಸ್ಪರ್ಧೆಗೆ ನಮ್ಮ ಶಾಲೆಗೂ ಕರೆ ಬಂದಿತ್ತು. ‘ಶಕ್ತಿ’ ಯೋಜನೆ ಬಂದ ಮೇಲೆ ಹುಡುಗಿಯರನ್ನು ಹೊರ ಜಿಲ್ಲೆಗೆ ಕರೆದೊಯ್ಯುವುದು ಸುಲಭವಾಗಿದೆ. ದರದ ಜಾಗದಲ್ಲಿ ಸೊನ್ನೆ ಅಚ್ಚಾಗಿದ್ದ ಟಿಕೆಟನ್ನು ಮಕ್ಕಳು ಪುಸ್ತಕದೊಳಗೆ ಜೋಪಾನವಾಗಿ ಇಟ್ಟುಕೊಂಡರು.

ಊರಿನ ಹೆಸರನ್ನೂ ಉತ್ಸವದ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ. ನನ್ನೊಡನೆ ಮಾತನಾಡಿದವರೆಲ್ಲರೂ ಕೊನೆಯಲ್ಲಿ ಒಂದೇ ಮಾತು ಹೇಳಿದ್ದರು: “ನಮ್ಮ ಹೆಸರು ಹಾಕಬ್ಯಾಡ್ರಿ ಅಕ್ಕೋರ, ಮುಂದಿನ ಸಲ ಕರೆಯಂಗಿಲ್ಲ.” ಆ ಭಾಗದಲ್ಲಿ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಮೇಡಂ, ಟೀಚರ್ ಎಂದು ಕರೆಸಿಕೊಂಡು ಅಭ್ಯಾಸವಾದ ನನಗೆ ಅದು ಕೇಳಲು ಹಿತವಾಗಿತ್ತು.

ಉತ್ಸವದ ಆಹ್ವಾನ ಪತ್ರಿಕೆ ನಾಲ್ಕು ಪುಟದ್ದು. ಮೂರು ಪುಟಗಳಲ್ಲಿ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಘನ ಉಪಸ್ಥಿತಿ, ವಿಶೇಷ ಆಹ್ವಾನಿತರು. ನಾಲ್ಕನೆಯ ಪುಟದಲ್ಲಿ ಸಿನೆಮಾ ಹಾಡುಗಾರರ ಸಂಗೀತ ಸಂಜೆಯ ದೊಡ್ಡ ಚಿತ್ರ. ಅದರ ಕೆಳಗೆ ಒಂದು ಸಾಲು: “ಬೀದಿ ಕಲಾವಿದರಿಂದ ಪ್ರದರ್ಶನ, ಮೂರೂ ದಿನ, ಮೈದಾನದ ವಿವಿಧೆಡೆ.” ವಿವಿಧೆಡೆ ಎಂದರೆ ಎಲ್ಲಿ ಎಂಬುದು ಕೊನೆಯವರೆಗೂ ಯಾರಿಗೂ ತಿಳಿಯಲಿಲ್ಲ.

ನಮ್ಮ ಮಕ್ಕಳಿಗೆ ವಿದ್ಯಾರ್ಥಿನಿಯರ ವಸತಿ ನಿಲಯದಲ್ಲಿ ಜಾಗ ಸಿಕ್ಕಿತ್ತು. ನೀರಿತ್ತು, ಚಾಪೆ ಇತ್ತು, ನೋಡಿಕೊಳ್ಳುವ ಒಬ್ಬಾಕೆ ಇದ್ದಳು. ಗೋಡೆಯ ಆಚೆ ಒಂದು ಸರಕಾರಿ ಶಾಲೆ. ಬೀದಿ ಕಲಾವಿದರಿಗೆ ಅಲ್ಲಿ ವಸತಿ. ನಾವು ತಲುಪಿದ್ದು ಶುಕ್ರವಾರ ಬೆಳಿಗ್ಗೆ. ಶುಕ್ರವಾರ ಶಾಲೆ ಇರುತ್ತದೆ ಎಂಬುದು ಉತ್ಸವದವರಿಗೆ ನೆನಪಾಗಿರಲಿಲ್ಲ. ಸಂಜೆ ಶಾಲೆ ಬಿಡುವ ತನಕ ಸುಮಾರು ನಲವತ್ತು ಮಂದಿ ಗಂಟುಮೂಟೆ, ಡೋಲು, ಬಿದಿರಿನ ಗಳು, ವೇಷದ ಪೆಟ್ಟಿಗೆಗಳೊಂದಿಗೆ ಜಗಲಿಯಲ್ಲೇ ಕುಳಿತಿದ್ದರು. ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಹೊರಗೆ ವೇಷದವರ ಮಕ್ಕಳು ಕಿಟಕಿಗೆ ಮುಖ ಒತ್ತಿ ಅದೇ ಮಗ್ಗಿಯನ್ನು ಪಿಸುಗುಟ್ಟುತ್ತಿದ್ದರು.

ಶಾಲೆಗೆ ಎರಡು ಶೌಚಾಲಯ. ಎರಡಕ್ಕೂ ಬೀಗ. ಬೀಗದ ಕೈ ಮುಖ್ಯೋಪಾಧ್ಯಾಯರ ಮನೆಯಲ್ಲಿ, ಮುಖ್ಯೋಪಾಧ್ಯಾಯರು ಉತ್ಸವದ ಸ್ವಾಗತ ಸಮಿತಿಯಲ್ಲಿ. ಶನಿವಾರ ಮಧ್ಯಾಹ್ನದವರೆಗೂ ಆ ಬೀಗ ತೆಗೆಯಲಿಲ್ಲ. ಗಂಡಸರ ಮಾತು ಬಿಡಿ, ಹೆಂಗಸರು ನಸುಕಿಗೆ ಮೊದಲೇ ಎದ್ದು ಶಾಲೆಯ ಹಿಂದಿನ ಜಾಲಿಗಿಡಗಳ ಕಡೆ ಹೋಗಬೇಕಾಗಿತ್ತು. ಬೆಳಕು ಹರಿದ ಮೇಲೆ ಮತ್ತೆ ಕತ್ತಲಾಗುವ ತನಕ ತಡೆದುಕೊಳ್ಳಬೇಕು. ಹಾಗಾಗಿ ಹಗಲೆಲ್ಲ ನೀರೇ ಕುಡಿಯುತ್ತಿರಲಿಲ್ಲ. ಇದು ಓದುಗ ಸಹೋದರಿಯರಿಗೆ ವಿವರಿಸಿ ಹೇಳಬೇಕಾದ ವಿಷಯವಲ್ಲ. ಎರಡನೆಯ ದಿನ ನಮ್ಮ ಕಡೆಯ ಆ ಮೇಲ್ವಿಚಾರಕಿ ಗೋಡೆಯ ಬದಿಯ ಬಾಗಿಲು ತೆರೆದು, ಹೆಂಗಸರು ಮಕ್ಕಳು ಮಾತ್ರ ಬನ್ನಿ ಎಂದು ಕರೆದಳು. ಮೂರು ದಿನಗಳಲ್ಲಿ ಅವರಿಗೆ ಸಿಕ್ಕ ವ್ಯವಸ್ಥೆ ಎಂದರೆ ಅದೊಂದೇ. ಅದನ್ನು ಯಾವ ಸಮಿತಿಯೂ ಮಾಡಿರಲಿಲ್ಲ.

ಊಟಕ್ಕೆ ಕೂಪನ್ ಇತ್ತು. ಪಟ್ಟಿಯಲ್ಲಿ ಹೆಸರಿದ್ದ ಕಲಾವಿದರಿಗೆ ತಲೆಗೊಂದು. ಆದರೆ ಬೀದಿಯ ಕಲಾವಿದ ಒಬ್ಬನೇ ಎಲ್ಲಿ ಹೋಗುತ್ತಾನೆ? ಹೆಂಡತಿ, ಅತ್ತೆ, ಕಂಕುಳಿನ ಕೂಸು ಎಲ್ಲವೂ ಜೊತೆಗೇ. ಐದು ಕೂಪನ್ನಿನಲ್ಲಿ ಒಂಬತ್ತು ಮಂದಿ ಉಂಡರು. ಊಟದ ಕೌಂಟರ್ ಮೈದಾನದ ಆ ತುದಿಯಲ್ಲಿ, ಸುಮಾರು ಒಂದು ಕಿಲೋಮೀಟರ್ ದೂರ.

ಆ ಜಗಲಿಯಲ್ಲಿದ್ದವರಲ್ಲಿ ಮೂರು ತಂಡಗಳವರು ನನಗೆ ಹೆಚ್ಚು ಪರಿಚಯವಾದರು. ಒಂದು ಹಗಲುವೇಷದ ತಂಡ, ಇನ್ನೊಂದು ಹಗ್ಗದ ಮೇಲೆ ನಡೆಯುವ ದೊಂಬರ ಕುಟುಂಬ, ಮತ್ತೊಬ್ಬರು ಒಂಟಿಯಾಗಿ ಬಂದಿದ್ದ ಜಾದೂಗಾರ ಸಾಹೇಬರು, ವಯಸ್ಸು ಅರುವತ್ತು ದಾಟಿದವರು.

ಹಗಲುವೇಷದವರ ವಿಷಯ ಮೊದಲು ಹೇಳುತ್ತೇನೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಬೆಳೆದವರಿಗೆ ಈ ವೇಷಗಾರರು ಹೊಸಬರಲ್ಲ. ಹೆಸರೇ ಹೇಳುವಂತೆ ಹಗಲಿನಲ್ಲೇ ವೇಷ ಹಾಕಿ, ಹಾರ್ಮೋನಿಯಂ, ತಬಲಾ ಹಿಡಿದು ಮನೆ ಮನೆಯ, ಅಂಗಡಿ ಅಂಗಡಿಯ ಮುಂದೆ ನಿಲ್ಲುತ್ತಾರೆ. ಅವರಿಗೆ ರಂಗಮಂಟಪವಿಲ್ಲ, ಪರದೆ ಇಲ್ಲ. ಹಾಗೆಂದು ಕ್ರಮ ಇಲ್ಲವೆಂದು ತಿಳಿಯಬೇಡಿ. ತಂಡದ ಹಿರಿಯರು ತಮ್ಮ ಪದ್ಧತಿಯನ್ನು ನನಗೆ ಬಿಡಿಸಿ ಹೇಳಿದರು. ಒಂದು ಊರಿಗೆ ಹೋದರೆ ಮೊದಲು ಊರಿನ ಹಿರಿಯರ ಮನೆಗೆ ಹೋಗಿ ಅಪ್ಪಣೆ ಪಡೆಯುತ್ತಾರೆ. ಅಲ್ಲಿಯೇ ಬಿಡಾರಕ್ಕೆ ಜಾಗ, ನೀರಿನ ದಾರಿ ಗೊತ್ತಾಗುತ್ತದೆ. ಆಮೇಲೆ ದಿನಕ್ಕೊಂದು ವೇಷ. ಹಾಗೆ ಕೆಲವು ದಿನ ಕಳೆದು ಕೊನೆಯ ದಿನ ಮಾತ್ರ ಮನೆಮನೆಗೆ ಹೋಗಿ ಕಾಳು, ಬಟ್ಟೆ, ಹಣ ಎತ್ತುತ್ತಾರೆ. ಮೊದಲ ದಿನವೇ ಕೈ ಚಾಚುವುದು ಅವರಲ್ಲಿ ಅವಮಾನ. ಯಾವ ಊರು ಯಾರ ಪಾಲಿಗೆ ಎಂಬುದು ಅವರವರೊಳಗೆ ಹಂಚಿಕೆಯಾಗಿದೆ. ಒಬ್ಬರ ಊರಿಗೆ ಇನ್ನೊಬ್ಬರು ಹೋಗುವಂತಿಲ್ಲ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ವೇಷ ಹಾಕಿ ಸಿದ್ಧರಿರಬೇಕೆಂದು ಈ ತಂಡಕ್ಕೆ ಹೇಳಿದ್ದರು. ಮುಖಕ್ಕೆ ಬಣ್ಣ ಬರೆಯಲು ಎರಡು ಗಂಟೆಯಾದರೂ ಬೇಕು. ಅವರು ಕತ್ತಲಲ್ಲೇ ಎದ್ದು, ಜಗಲಿಯ ಮೂಲೆಯಲ್ಲಿ ಕನ್ನಡಿ ಒರಗಿಸಿ ಬಣ್ಣ ಮುಗಿಸಿದರು. ಉದ್ಘಾಟಕರು ಬಂದಿದ್ದು ಮಧ್ಯಾಹ್ನ ಒಂದೂವರೆಗೆ. ಅಲ್ಲಿಯ ತನಕ ಆ ಐವರು ದ್ವಾರದ ಬಳಿ ಬಿಸಿಲಲ್ಲಿ ನಿಂತಿದ್ದರು. ಎಣ್ಣೆಯಲ್ಲಿ ಕಲಸಿದ ಬಣ್ಣ ಬೆವರಿನ ಜೊತೆ ಕುತ್ತಿಗೆಗೆ ಇಳಿಯುತ್ತಿತ್ತು. ಕುಳಿತರೆ ವೇಷದ ಬಟ್ಟೆ ಕೆಡುತ್ತದೆ, ನೀರು ಕುಡಿದರೆ ತುಟಿಯ ಬಣ್ಣ ಹೋಗುತ್ತದೆ. ಅತಿಥಿಗಳು ಕಾರಿನಿಂದ ಇಳಿದರು, ಇವರ ನಡುವೆ ನಿಂತು ಛಾಯಾಚಿತ್ರ ತೆಗೆಸಿಕೊಂಡರು, ಒಳಗೆ ಹೋದರು. ಒಬ್ಬ ಸ್ವಯಂಸೇವಕ ಬಂದು, “ಇನ್ನು ನೀವು ಹೋಗಬಹುದು, ನಾಳೆ ಇದೇ ಹೊತ್ತಿಗೆ ಬನ್ನಿ” ಎಂದ. ಒಂದು ಹಾಡು ಹಾಡಲಿಲ್ಲ, ಒಂದು ಮಾತು ಆಡಲಿಲ್ಲ. ಮರುದಿನದ ಪತ್ರಿಕೆಯಲ್ಲಿ ಆ ಚಿತ್ರ ಬಂತು. ಅತಿಥಿಗಳ ಹೆಸರುಗಳು ಎಡದಿಂದ ಬಲಕ್ಕೆ ಸರಿಯಾಗಿ ಅಚ್ಚಾಗಿದ್ದವು. ವೇಷದವರ ಹೆಸರು ಮಾತ್ರ ಇರಲಿಲ್ಲ.

ಜಾದೂಗಾರ ಸಾಹೇಬರನ್ನು ನಾನು ಚಾಚಾ ಎಂದು ಕರೆದೆ. ನನ್ನ ಮನೆಮಾತು ಬ್ಯಾರಿ, ಉರ್ದು ಕಲಿತದ್ದು ಮದ್ರಸದಲ್ಲಿ. ನನ್ನ ಪುಸ್ತಕದ ಉರ್ದು ಕೇಳಿ ಅವರು ಮನಸಾರೆ ನಕ್ಕರು. ಅವರದು ಆ ಭಾಗದ ದಖನಿ. ತಾತನ ಕಾಲದಿಂದ ಸಂತೆ, ಜಾತ್ರೆ, ಉರೂಸುಗಳಲ್ಲಿ ಆಟ ಆಡಿಕೊಂಡು ಬಂದ ಮನೆತನ. ಮೊದಲು ಹಾವಿನ ಬುಟ್ಟಿಯೂ ಇತ್ತಂತೆ. 1972ರ ವನ್ಯಜೀವಿ ಕಾಯ್ದೆಯ ಬಳಿಕ ಹಾವು ಇಟ್ಟುಕೊಳ್ಳುವುದು ಅಪರಾಧವಾಯಿತು, ತಂದೆಯೇ ಅದನ್ನು ಬಿಟ್ಟರಂತೆ. ಕರಡಿ ಆಡಿಸುತ್ತಿದ್ದ ಕಲಂದರರ ಕಥೆಯೂ ಅದೇ. 2009ರ ಕೊನೆಯ ಹೊತ್ತಿಗೆ ದೇಶದ ಬೀದಿಗಳಲ್ಲಿ ಕುಣಿಯುವ ಕರಡಿ ಇಲ್ಲವಾಯಿತು. ಮೂಗಿಗೆ ಹಗ್ಗ ಪೋಣಿಸಿ ಕುಣಿಸುವುದು ನಿಂತದ್ದು ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಚಾಚಾ ಕೂಡ ಅದನ್ನೇ ಹೇಳಿದರು. ಈಗ ಅವರ ಬಳಿ ಇರುವುದು ಮೂರು ಹಿತ್ತಾಳೆಯ ಬಟ್ಟಲು, ಕೆಲವು ಬಟ್ಟೆಯ ಚೆಂಡು, ಒಂದು ಬುಟ್ಟಿ, ಒಂದು ಮಾವಿನ ಗೊರಟು. ಇನ್ನೊಂದು ನಾಲಿಗೆ.

ಆ ನಾಲಿಗೆಯೇ ಅವರ ಮುಖ್ಯ ಬಂಡವಾಳ. ಉತ್ಸವದವರು ಅವರಿಗೆ ನಾಲ್ಕು ಅಡಿ ಎತ್ತರದ ಒಂದು ಸಣ್ಣ ಕಟ್ಟೆ ಕೊಟ್ಟಿದ್ದರು. ಅದು ಮುಖ್ಯ ವೇದಿಕೆಯ ಧ್ವನಿವರ್ಧಕಗಳ ನೇರಕ್ಕೆ. ಅಲ್ಲಿ ಭಾಷಣ, ಇಲ್ಲಿ ಜಾದೂ. ಅವರು ಬಾಯಿ ತೆರೆದದ್ದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಮೈಕ್ ಕೇಳಿದರೆ “ನಿಮಗೆಲ್ಲ ಮೈಕ್ ಇಲ್ಲ” ಎಂಬ ಉತ್ತರ. ಕಾಲು ಗಂಟೆಯಲ್ಲಿ ನಿಂತಿದ್ದ ಹತ್ತು ಹುಡುಗರೂ ಹೋದರು. ಅವರಲ್ಲಿ ಒಬ್ಬ ಹೋಗುವಾಗ, “ಚೆಂಡು ಎಡಗೈಯಲ್ಲಿದೆ” ಎಂದು ಕೂಗಿ ಹೇಳಿ ಹೋದ. ಚಾಚಾ ಬಟ್ಟಲುಗಳನ್ನು ಚೀಲಕ್ಕೆ ತುಂಬಿಸುತ್ತಾ ನನ್ನ ಕಡೆ ನೋಡಿ, “ಬಾತ್ ನೈ ಸುನೇ ತೋ ಹಾತ್ ದಿಸ್ತಾ ಬೇಟಿ” ಎಂದರು. ಮಾತು ಕೇಳಿಸದಿದ್ದರೆ ಕೈ ಕಾಣಿಸುತ್ತದೆ ಎಂದು ಅರ್ಥ.

ಮದ್ರಸದಲ್ಲಿ ನಾವು ಇಬ್ನ್ ಬತೂತಾ ಅವರ ಪ್ರವಾಸ ಕಥನದ ಕೆಲವು ಭಾಗಗಳನ್ನು ಓದಿದ್ದೆವು. 14ನೇ ಶತಮಾನದಲ್ಲಿ ನಮ್ಮ ಮಂಗಳೂರು, ಹೊನ್ನಾವರಗಳನ್ನು ಕಂಡು ಬರೆದ ಮೊರೊಕ್ಕೊದ ಪ್ರವಾಸಿ ಅವರು. ಚೀನಾದ ಹಾಂಗ್‌ಝೌ ನಗರದಲ್ಲಿ ಅಮೀರನೊಬ್ಬನ ಔತಣದ ಬಳಿಕ ಕಂಡ ಜಾದೂವನ್ನು ಅವರು ವರ್ಣಿಸಿದ್ದಾರೆ. ಆಟಗಾರ ತೊಗಲಿನ ದಾರ ಪೋಣಿಸಿದ ಮರದ ಚೆಂಡನ್ನು ಆಕಾಶಕ್ಕೆ ಎಸೆಯುತ್ತಾನೆ, ಹುಡುಗನೊಬ್ಬ ಆ ದಾರ ಹಿಡಿದು ಹತ್ತಿ ಮಾಯವಾಗುತ್ತಾನೆ, ಆಮೇಲೆ ಅವನ ಕೈಕಾಲುಗಳು ಒಂದೊಂದಾಗಿ ಕೆಳಗೆ ಬೀಳುತ್ತವೆ, ಕೊನೆಗೆ ಹುಡುಗ ಎದ್ದು ನಿಲ್ಲುತ್ತಾನೆ. ನೋಡಿದ ಇಬ್ನ್ ಬತೂತಾಗೆ ಎದೆ ಬಡಿತ ಏರಿ ಮದ್ದು ಕುಡಿಸಬೇಕಾಯಿತು. ಪಕ್ಕದಲ್ಲಿದ್ದ ಕಾಜಿಯವರು ಮಾತ್ರ ಇದೆಲ್ಲ ಬರೀ ಕಣ್ಕಟ್ಟು ಎಂದು ಸಮಾಧಾನ ಹೇಳಿದರಂತೆ. ಈ ಕಥೆಯನ್ನು ಚಾಚಾಗೆ ಹೇಳಿದೆ. ಅವರು ಗಮನವಿಟ್ಟು ಕೇಳಿ, “ಅಲ್ಲಿ ಪಕ್ಕದಲ್ಲಿ ಬೇರೆ ಯಾರೂ ಭಾಷಣ ಮಾಡುತ್ತಿರಲಿಲ್ಲ ಅಲ್ಲವಾ?” ಎಂದು ಕೇಳಿದರು.

ಬೀದಿ ಆಟದ ಜೀವ ಇರುವುದು ಸುತ್ತು ನಿಂತ ಜನರ ವೃತ್ತದಲ್ಲಿ. ಆಟಗಾರನೇ ನೆಲದ ಮೇಲೆ ಗೆರೆ ಎಳೆದು ಆ ವೃತ್ತ ಕಟ್ಟುತ್ತಾನೆ. ಮಕ್ಕಳನ್ನು ಮುಂದೆ ಕೂರಿಸುತ್ತಾನೆ, ಹೆಂಗಸರಿಗೆ ಒಂದು ಬದಿ ಬಿಡಿಸುತ್ತಾನೆ, ಎಲ್ಲರಿಗಿಂತ ಹೆಚ್ಚು ಮಾತನಾಡುವ ಹುಡುಗನನ್ನು ಕರೆದು ತನ್ನ ಸಹಾಯಕನಾಗಿ ನಿಲ್ಲಿಸಿಕೊಳ್ಳುತ್ತಾನೆ. ಒಳ್ಳೆಯ ಘಟ್ಟ ಬರುವ ಮೊದಲು ಆಟ ನಿಲ್ಲಿಸಿ ಹಣ ಎತ್ತುತ್ತಾನೆ, ಯಾಕೆಂದರೆ ಆಟ ಮುಗಿದ ಮೇಲೆ ಜನ ನಿಲ್ಲುವುದಿಲ್ಲ. ಅರಬಿಯಲ್ಲಿ ಇಂತಹ ವೃತ್ತಕ್ಕೆ ಹಲಖ ಎನ್ನುತ್ತಾರೆ. (ನಮ್ಮ ಕಡೆಯ ಬೈಗುಳ ‘ಹಲ್ಕಾ’ ಬೇರೆ.) ಮಸೀದಿಯಲ್ಲಿ ಉಸ್ತಾದರ ಸುತ್ತ ಕುಳಿತು ಪಾಠ ಕೇಳುವುದೂ ಹಲಖವೇ. ಮೊರೊಕ್ಕೊದ ಮರಾಕಿಶ್ ನಗರದ ಜಾಮಾ ಅಲ್ ಫನಾ ಎಂಬ ಚೌಕದಲ್ಲಿ ಕಥೆ ಹೇಳುವವರು, ಲಾಗ ಹಾಕುವವರು, ಹಾಡುವವರು ಇಂದಿಗೂ ಇಂತಹ ವೃತ್ತ ಕಟ್ಟುತ್ತಾರೆ. ಯುನೆಸ್ಕೋ 2001ರಲ್ಲಿ ಆ ಚೌಕದ ಸಂಸ್ಕೃತಿಯನ್ನು ಮನುಕುಲದ ಪರಂಪರೆಯೆಂದು ಸಾರಿತು, 2008ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಅಲ್ಲಿ ಮಾನ್ಯತೆ ದೊರೆತದ್ದು ಕಲಾವಿದನಿಗೆ ಮಾತ್ರವಲ್ಲ, ಜನ ಸುತ್ತುವರಿದು ನಿಲ್ಲುವ ಆ ಜಾಗಕ್ಕೂ. ನಾವಿದ್ದ ಮೈದಾನದಲ್ಲಿ ಮಾತ್ರ ಬ್ಯಾರಿಕೇಡುಗಳ ನಡುವೆ ಜನರು ಒಂದೇ ದಿಕ್ಕಿಗೆ ನಡೆಯುತ್ತಲೇ ಇರಬೇಕಿತ್ತು. ನಿಂತರೆ ಪೊಲೀಸರು ಸೀಟಿ ಊದುತ್ತಿದ್ದರು.

ಇನ್ನು ಹಗ್ಗದ ಕುಟುಂಬ. ಗಂಡ ಹೆಂಡತಿ, ಗಂಡನ ತಾಯಿ, ಐದನೆಯ ತರಗತಿಯ ಮಗಳು, ಏಳು ತಿಂಗಳ ಕೂಸು. ಬಿದಿರಿನ ಗಳುಗಳನ್ನು ಬಸ್ಸಿನಲ್ಲಿ ಹಾಕುವಂತಿಲ್ಲ. ಗೂಡ್ಸ್ ಟೆಂಪೋಕ್ಕೆ ಸಾಲ ಮಾಡಿ ಹಣ ಕೊಟ್ಟು ಬಂದಿದ್ದರು. ಹಗ್ಗದ ಮೇಲೆ ಮಕ್ಕಳನ್ನು ಹತ್ತಿಸಬಾರದು ಎಂದು ಉತ್ಸವದವರು ಮೊದಲೇ ಹೇಳಿದ್ದರು. ಅವರು ಹೇಳಿದ್ದರಲ್ಲಿ ನನಗೆ ಪೂರ್ತಿ ಒಪ್ಪಿಗೆಯಾದ ಮಾತು ಅದೊಂದೇ. ಆದರೆ ಆ ಮಾತಿನ ಅರ್ಥ, ಈಗ ತಾಯಿಯೇ ಹತ್ತಬೇಕು. ಆಕೆಗೆ ಇಪ್ಪತ್ತೆಂಟು ವರ್ಷ. ಎರಡನೆಯ ಹೆರಿಗೆಯ ನಂತರ ಸೊಂಟ ನೋವು. ಹಗ್ಗದ ಮೇಲಿರುವಾಗ ಕೂಸು ಅತ್ತರೆ ಕಾಲು ನಡುಗುತ್ತದೆ ಎಂದು ಆಕೆಯೇ ಹೇಳಿದಳು.

ಹಗ್ಗ ಕಟ್ಟುವ ಕೆಲಸ ನೋಡಲು ಸರಳ. ಎರಡೂ ಕಡೆ ಕತ್ತರಿಯಾಕಾರದಲ್ಲಿ ಗಳು ನಿಲ್ಲಿಸಿ, ಹಗ್ಗದ ತುದಿಗಳನ್ನು ದೂರಕ್ಕೆ ಎಳೆದು ಕಬ್ಬಿಣದ ಗೂಟಕ್ಕೆ ಬಿಗಿಯಬೇಕು. ಗೂಟ ಮಣ್ಣಿನಲ್ಲಿ ಆಳಕ್ಕೆ ಹೋಗಬೇಕು. ಇವರಿಗೆ ಕೊಟ್ಟಿದ್ದು ಜನರೇಟರಿನ ಪಕ್ಕದ ಕಾಂಕ್ರೀಟ್ ಅಂಗಳ.

“ನೆಲ ಗಟ್ಟಿ ಐತ್ರಿ. ಗೂಟ ಇಳಿಯಂಗಿಲ್ಲ. ಗೂಟ ಇಳೀದಿದ್ರ ಹಗ್ಗ ಹೆಂಗ ಕಟ್ಟೂದ್ರಿ?” ಎಂದು ಗಂಡ ಕೇಳಿದ.

ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡಿದ್ದ ಯುವಕ ಸುತ್ತ ನೋಡಿ, “ಆ ಲೈಟ್ ಕಂಬಕ್ಕೆ ಕಟ್ಟಿ. ಈ ಕಡೆ ಬ್ಯಾರಿಕೇಡಿಗೆ ಕಟ್ಟಿ” ಎಂದ. ಅವನಿಗೂ ಹೆಚ್ಚೆಂದರೆ ಇಪ್ಪತ್ತು ವರ್ಷ. ಕಾಲೇಜಿನಿಂದ ಕರೆತಂದ ಹುಡುಗ, ಬೆಳಗಿನಿಂದ ಅವನಿಗೂ ತಿಂಡಿ ಸಿಕ್ಕಿರಲಿಲ್ಲ. ಅವನನ್ನು ಬೈಯಲು ಮನಸ್ಸಾಗಲಿಲ್ಲ.

ಅತ್ತೆ ಡೋಲು ಕೆಳಗಿಟ್ಟು ಎದ್ದು ಬಂದಳು. “ಕಂಬ ಮಂದೀದು, ಮೈ ನಮ್ದು. ನಮ್ಮ ಗೂಟ ನಾವ ಹೊಡೀಬೇಕು” ಎಂದವಳೇ ಸೊಸೆಯ ಕೈ ಹಿಡಿದು ಕೂರಿಸಿಬಿಟ್ಟಳು. ಅತ್ತೆ ಸೊಸೆಯರ ಬಗ್ಗೆ ನಾವು ಎಷ್ಟೆಲ್ಲ ಕಥೆ ಓದಿದ್ದೇವೆ. ಆ ದಿನ ಆ ಮುದುಕಿ ಹಟ ಹಿಡಿಯದಿದ್ದರೆ ಸೊಸೆ ಬ್ಯಾರಿಕೇಡಿಗೆ ಬಿಗಿದ ಹಗ್ಗದ ಮೇಲೆ, ಕಾಂಕ್ರೀಟಿನಿಂದ ಹತ್ತು ಅಡಿ ಎತ್ತರದಲ್ಲಿ ನಡೆಯುತ್ತಿದ್ದಳು. ಶುಕ್ರವಾರ ಅವರ ಆಟ ಇಲ್ಲ. ಶನಿವಾರ ಮಧ್ಯಾಹ್ನದ ಮೇಲೆ ಮೈದಾನದ ಅಂಚಿನಲ್ಲಿ, ಚರಂಡಿಯ ಪಕ್ಕ ಸ್ವಲ್ಪ ಮಣ್ಣಿನ ಜಾಗ ಸಿಕ್ಕಿತು. ಜನರು ಓಡಾಡುವ ದಾರಿ ಅದಲ್ಲ. ನಮ್ಮ ಆರು ಹುಡುಗಿಯರು, ಪಕ್ಕದ ಕಡಲೆಕಾಯಿ ಗಾಡಿಯವನು, ಇನ್ನು ಕೆಲವರು, ಇಷ್ಟೇ ಪ್ರೇಕ್ಷಕರು.

ಗಂಟೆಗೊಮ್ಮೆ ಧ್ವನಿವರ್ಧಕದಲ್ಲಿ ಒಂದು ಸೂಚನೆ ಬರುತ್ತಿತ್ತು: ಕಲಾವಿದರಿಗೆ ಸಾರ್ವಜನಿಕರು ಹಣ ನೀಡಬಾರದು, ಅವರಿಗೆ ಉತ್ಸವದಿಂದ ಸಂಭಾವನೆ ಇದೆ. ಇದರ ಹಿಂದೆ ಕೆಟ್ಟ ಉದ್ದೇಶವಿರಲಿಲ್ಲ. ತಟ್ಟೆ ಹಿಡಿದರೆ ಭಿಕ್ಷೆ, ಸಂಭಾವನೆ ಕೊಟ್ಟರೆ ಗೌರವ ಎಂಬ ಭಾವನೆ. ಆದರೆ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ 1947ರಿಂದ ನಡೆದು ಬಂದಿರುವ ಫ್ರಿಂಜ್ ಉತ್ಸವದಲ್ಲಿ ಬೀದಿ ಕಲಾವಿದರ ಗಳಿಕೆ ಟೋಪಿಗೆ ಬಿದ್ದ ಹಣವೇ. ಪ್ರದರ್ಶನದ ಜಾಗ, ಹೊತ್ತುಗಳನ್ನು ಚೀಟಿ ಎತ್ತಿ ಹಂಚಿಕೊಳ್ಳುತ್ತಾರೆ. ಅಲ್ಲಿ ಯಾರೂ ಅವರನ್ನು ಭಿಕ್ಷುಕರೆನ್ನುವುದಿಲ್ಲ.

ನಮ್ಮಲ್ಲಿ ಈ ಗೊಂದಲಕ್ಕೆ ಕಾನೂನಿನ ಬೇರೂ ಇದೆ. 1959ರ ಮುಂಬಯಿ ಭಿಕ್ಷಾಟನೆ ತಡೆ ಕಾಯ್ದೆಯು ಹಾಡುವ, ಕುಣಿಯುವ, ಭವಿಷ್ಯ ಹೇಳುವ, ಪ್ರದರ್ಶನ ನೀಡುವ ನೆಪದಲ್ಲಿ ಹಣ ಕೇಳುವುದನ್ನೂ ಭಿಕ್ಷೆ ಎಂದೇ ಪರಿಗಣಿಸಿತು. ದೆಹಲಿಗೂ ಅದೇ ಕಾಯ್ದೆ ಅನ್ವಯವಾಗಿತ್ತು. 1985ರಲ್ಲಿ ಅಮೆರಿಕದಲ್ಲಿ ಭಾರತ ಉತ್ಸವ ನಡೆದಾಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆ ಅಲ್ಲಿಯೇ ಒಂದು ಭಾರತೀಯ ಮೇಳವನ್ನು ನಿರ್ಮಿಸಿತು. ನಮ್ಮ ದೇಶದ ಜಾದೂಗಾರರು, ದೊಂಬರು, ಬಹುರೂಪಿಗಳು ಅಲ್ಲಿ ದೇಶದ ಹೆಮ್ಮೆಯಾಗಿ ಆಡಿದರು. ದೆಹಲಿಗೆ ಮರಳಿ ರಸ್ತೆಯಲ್ಲಿ ಅದೇ ಆಟ ಆಡಿದರೆ ಹಿಡಿದೊಯ್ಯಲು ಕಾನೂನು ಸಿದ್ಧವಿತ್ತು. ಇಂತಹ ಅನೇಕ ಕಲಾವಿದರು ನೆಲೆಸಿದ್ದ ದೆಹಲಿಯ ಕಠ್‌ಪುತ್ಲಿ ಕಾಲೊನಿಯನ್ನು ಹೊಸ ಕಟ್ಟಡಗಳಿಗಾಗಿ 2017ರಲ್ಲಿ ಕೆಡವಲಾಯಿತು. ಕಾಯ್ದೆಯ ಮುಖ್ಯ ಕಲಮುಗಳು ಸಂವಿಧಾನಕ್ಕೆ ವಿರುದ್ಧವೆಂದು ದೆಹಲಿ ಹೈಕೋರ್ಟ್ ಹೇಳಿದ್ದು 2018ರ ಆಗಸ್ಟ್‌ನಲ್ಲಿ, ಅದೂ ದೆಹಲಿಯ ಮಟ್ಟಿಗೆ. ನಮ್ಮ ರಾಜ್ಯಕ್ಕೆ ಪ್ರತ್ಯೇಕವಾಗಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ನಿಮ್ಮ ಮನೆ ತೆರಿಗೆಯ ರಸೀದಿ ತೆಗೆದು ನೋಡಿ, ಅದರಲ್ಲಿ ಭಿಕ್ಷುಕರ ಕರ ಎಂದು ನೂರಕ್ಕೆ ಮೂರರ ಲೆಕ್ಕದಲ್ಲಿ ಒಂದು ಮೊತ್ತ ಸೇರಿರುತ್ತದೆ.

ತಿರುಗಾಟದ ಕಲೆಗೆ ಮನ್ನಣೆಯೇ ಇಲ್ಲ ಎನ್ನಲಾಗದು. ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆಯಾಟದ ಹಿರಿಯಜ್ಜಿ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಅದೇ ಗೌರವ ಸಂದಿತು. ಸಂತೋಷದ ವಿಷಯ. ಆದರೆ ಆ ಜಗಲಿಯ ಮೇಲೆ ಕುಳಿತಿದ್ದ ನಲವತ್ತು ಮಂದಿ ಕೇಳುತ್ತಿದ್ದದ್ದು ಪದ್ಮಶ್ರೀಯನ್ನಲ್ಲ. ಹಗ್ಗದ ತಾಯಿಯನ್ನು ಒಮ್ಮೆ ಕೇಳಿದೆ, ಉತ್ಸವದವರು ನಿನ್ನ ಬಳಿ ಏನು ಬೇಕು ಎಂದು ಕೇಳಿದ್ದರೆ ಏನು ಹೇಳುತ್ತಿದ್ದೆ ಎಂದು. ಆಕೆ ಕೂಸಿಗೆ ಹಾಲು ಕುಡಿಸುತ್ತಾ ನಿಧಾನವಾಗಿ ಹೇಳಿದಳು. ಮಣ್ಣಿನ ನೆಲ, ಸ್ವಲ್ಪ ನೆರಳು, ಬಾಗಿಲಿರುವ ಪಾಯಿಖಾನೆ, ಹೋಗುವಾಗ ಕೈಯಲ್ಲಿ ಗಾಡಿ ಖರ್ಚು. “ಉಳಿದದ್ದು ನಾವ ಮಾಡ್ಕೊಂತೀವ್ರಿ” ಎಂದಳು.

ಭಾನುವಾ‌ರ ರಾತ್ರಿ ಸಂಗೀತ ಸಂಜೆ ನಡೆಯುತ್ತಿರುವಾಗ ಶಾಲೆಯ ಒಂದು ಕೋಣೆಯಲ್ಲಿ ಲೆಕ್ಕದವರು ಕುಳಿತರು. ಹಣ ಕೊಡಲು ಅಲ್ಲ, ಕಾಗದ ತೆಗೆದುಕೊಳ್ಳಲು. ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ರೆವಿನ್ಯೂ ಸ್ಟಾಂಪ್ ಅಂಟಿಸಿದ ರಸೀದಿಗೆ ಸಹಿ. ಮೊತ್ತದ ಜಾಗ ಖಾಲಿ. ಎಂಟು ದಿನಗಳಲ್ಲಿ ಹಣ ಖಾತೆಗೆ ಬರುತ್ತದೆ ಎಂದರು. ಆ ಹೊತ್ತಿನಲ್ಲಿ ಜೆರಾಕ್ಸ್ ಅಂಗಡಿ ಎಲ್ಲಿ ತೆರೆದಿರುತ್ತದೆ? ನಮ್ಮ ಶಿಕ್ಷಕಿಯ ಫೋನಿನಲ್ಲಿ ಎಲ್ಲರ ಕಾಗದಗಳ ಚಿತ್ರ ತೆಗೆದು ಕಳುಹಿಸಿದೆವು. ವೇಷದವರ ಪಾಸ್‌ಬುಕ್ ಹಳೆಯದು, ಬ್ಯಾಂಕು ಇನ್ನೊಂದರಲ್ಲಿ ವಿಲೀನವಾಗಿ ಐ.ಎಫ್.ಎಸ್.ಸಿ. ಸಂಖ್ಯೆ ಬದಲಾಗಿತ್ತು. ಅದು ಅವರಿಗೆ ಗೊತ್ತಿರಲಿಲ್ಲ, ಲೆಕ್ಕದವರೂ ನೋಡಲಿಲ್ಲ. ಚಾಚಾ ಅವರ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ಅವರನ್ನು ಕರೆತಂದ ಮಧ್ಯವರ್ತಿಯ ಹೆಸರಿನ ಮುಂದೆ “ಜಾದೂ, ಒಬ್ಬರು” ಎಂದು ಬರೆದಿತ್ತು. ಆ ಮಧ್ಯವರ್ತಿ ಶನಿವಾರವೇ ಊರಿಗೆ ಹೋಗಿದ್ದ.

ಸೋಮವಾರ ಬೆಳಿಗ್ಗೆ ಎಲ್ಲರೂ ಬಸ್ ನಿಲ್ದಾಣದ ಹೊರಗೆ ಸೇರಿದ್ದೆವು. ಲೆಕ್ಕ ವಿಚಿತ್ರವಾಗಿತ್ತು. ಹೆಂಗಸರಿಗೆ ಬಸ್ಸು ಉಚಿತ, ಗಂಡಸರ ಕೈಯಲ್ಲಿ ಹಣವಿಲ್ಲ, ಪೆಟ್ಟಿಗೆಗಳಿಗೆ ಲಗೇಜ್ ಟಿಕೆಟ್ ಬೇರೆ. ಬಿದಿರಿನ ಗಳುಗಳಿಗೆ ಮತ್ತೆ ಟೆಂಪೋ ಆಗಬೇಕು. ಹೆಂಗಸರು ಮುಂದೆ ಹೋಗಿ ಗಂಡಸರು ಹಿಂದೆ ಉಳಿಯುವುದೆಂದು ಒಂದು ಮಾತು ಬಂತು. ಕೂಸಿನ ತಾಯಿ ಒಪ್ಪಲಿಲ್ಲ.

ಆಗ ಚಾಚಾ ಎದ್ದರು. ನಿಲ್ದಾಣದ ಪಕ್ಕದ ಬೇವಿನ ಮರದ ಕೆಳಗೆ ಚೀಲ ಇಟ್ಟು, ಕಾಲಿನಿಂದ ಮಣ್ಣಿನಲ್ಲಿ ಒಂದು ಗೆರೆ ಎಳೆದರು. ಬಟ್ಟಲುಗಳನ್ನು ಒಂದಕ್ಕೊಂದು ತಾಗಿಸಿ ಟಣ್ ಟಣ್ ಎನಿಸಿದರು. ಅತ್ತೆ ಡೋಲು ಬಾರಿಸತೊಡಗಿದಳು. ಹತ್ತು ನಿಮಿಷಗಳಲ್ಲಿ ಬಸ್ಸಿಗಾಗಿ ಕಾಯುತ್ತಿದ್ದವರು, ಕಾಲೇಜು ಹುಡುಗರು, ತರಕಾರಿ ಮಾರಲು ಬಂದ ಹೆಂಗಸರು ಸುತ್ತಲೂ ನಿಂತರು. ಮೂರು ದಿನ ಕಟ್ಟೆಯ ಮೇಲೆ ಬಾಯಿ ಆಡಿಸುತ್ತಿದ್ದ ಮನುಷ್ಯ ಇವರೇನಾ ಎನಿಸಿತು. ಅರ್ಧ ಕನ್ನಡ ಅರ್ಧ ದಖನಿಯಲ್ಲಿ ಅವರು ಒಬ್ಬ ಕಂಡಕ್ಟರನನ್ನು ಗೋಳು ಹೊಯ್ದುಕೊಂಡ ರೀತಿಗೆ ನಮ್ಮ ಹುಡುಗಿಯರು ಹೊಟ್ಟೆ ಹಿಡಿದು ನಕ್ಕರು. ಚೆಂಡು ಯಾವ ಕೈಯಲ್ಲಿದೆ ಎಂದು ಆ ದಿನ ಯಾರೂ ಹೇಳಲಿಲ್ಲ. ವೇಷದವರು ಬಣ್ಣವಿಲ್ಲದೆ, ಲುಂಗಿಯಲ್ಲೇ ಹಾರ್ಮೋನಿಯಂ ತೆರೆದು ಹಾಡಿದರು. ಮಣ್ಣು ಮೆದುವಾಗಿತ್ತು, ಗೂಟಗಳು ಇಳಿದವು. ಆಕೆ ಕೂಸನ್ನು ನನ್ನ ಕೈಗೆ ಕೊಟ್ಟು ಹಗ್ಗ ಹತ್ತಿದಳು. ತಲೆಯ ಮೇಲೆ ಕೊಡ, ಕೈಯಲ್ಲಿ ಅಡ್ಡಗೋಲು. ಅರ್ಧ ದಾರಿಯಲ್ಲಿ ನಿಂತು ಕೆಳಗೆ ನೋಡದೆ, “ಅಕ್ಕೋರ, ಮಲಗೈತೇನ್ರಿ?” ಎಂದು ಕೇಳಿದಳು. ಮಲಗಿದೆ ಎಂದೆ. ಮುಂದಕ್ಕೆ ನಡೆದಳು.

ಚಾಚಾ ತಟ್ಟೆ ಹಿಡಿದು ಒಂದು ಸುತ್ತು ಬಂದರು. ಬಿದ್ದ ಹಣವನ್ನು ಬಟ್ಟೆಯ ಮೇಲೆ ಸುರಿದು ಮೂರು ತಂಡದವರೂ ಎಲ್ಲರೆದುರಿಗೇ ಎಣಿಸಿದರು. ಮೊದಲು ಟೆಂಪೋದ ಖರ್ಚು, ಆಮೇಲೆ ಗಂಡಸರ ಬಸ್ ಚಾರ್ಜು, ಉಳಿದದ್ದು ಸಮಪಾಲು. ಕಾಗದವಿಲ್ಲ, ಸಹಿ ಇಲ್ಲ, ಕಾಲು ಗಂಟೆಯಲ್ಲಿ ಮುಗಿಯಿತು.

ಅಷ್ಟರಲ್ಲಿ ಒಬ್ಬ ಪೊಲೀಸ್ ಪೇದೆ ಬಂದರು. “ಇಲ್ಲಿ ಭಿಕ್ಷೆ ಎತ್ತಂಗಿಲ್ಲ, ಖಾಲಿ ಮಾಡಿ” ಎಂದರು. ವೇಷದ ಹಿರಿಯರು ಕೊರಳಲ್ಲಿ ಇನ್ನೂ ಇದ್ದ ಉತ್ಸವದ ಚೀಟಿಯನ್ನು ಎತ್ತಿ ತೋರಿಸಿದರು. ಅದರಲ್ಲಿ ದಪ್ಪ ಅಕ್ಷರಗಳಲ್ಲಿ “ಕಲಾವಿದರು” ಎಂದಿತ್ತು. ಪೇದೆ ಅದನ್ನು ಓದಿ ಸ್ವಲ್ಪ ಮೆತ್ತಗಾದರು. “ಕಲಾವಿದರಾದ್ರೆ ಮೈದಾನಕ್ಕೆ ಹೋಗ್ರಿ, ಅಲ್ಲಿ ವ್ಯವಸ್ಥೆ ಐತಲ್ಲ” ಎಂದರು. ಮೈದಾನದಲ್ಲಿ ಆಗ ಪೆಂಡಾಲ್ ಬಿಚ್ಚುತ್ತಿದ್ದರು.

ನಾವು ಊರಿಗೆ ಮರಳಿದ ಮೇಲೆ ನಾನು ಉತ್ಸವದ ಕಚೇರಿಗೆ ಹಲವು ಬಾರಿ ಫೋನ್ ಮಾಡಿದೆ. ಹಗ್ಗದ ಕುಟುಂಬಕ್ಕೆ ಹಣ ಬಂದದ್ದು ಮೇ ತಿಂಗಳಲ್ಲಿ, ಅದೂ ಒಂದೇ ದಿನದ್ದು. ಶುಕ್ರವಾರ ಮತ್ತು ಭಾನುವಾರ ಅವರು ಪ್ರದರ್ಶನ ನೀಡಿದ ದಾಖಲೆ ಇಲ್ಲವಂತೆ. ವೇಷದವರ ಹಣ ಬ್ಯಾಂಕಿನಿಂದ ಹಿಂದಿರುಗಿ, ಹೊಸ ಸಂಖ್ಯೆ ಕೊಟ್ಟ ಮೇಲೆ ಜುಲೈಯಲ್ಲಿ ತಲುಪಿತು. ಚಾಚಾ ಅವರಿಗೆ ಮಧ್ಯವರ್ತಿ ಏನು ಕೊಟ್ಟನೋ ಅವರು ಹೇಳಲಿಲ್ಲ. ಕೇಳಿದಾಗಲೆಲ್ಲ “ನಕ್ಕೊ ಬೇಟಿ, ಛೋಡೋ” ಎನ್ನುತ್ತಾರೆ.

2025ರ ಜನವರಿಗೆ ಮುನ್ನ ಹಗ್ಗದ ತಾಯಿ ನನಗೆ ಫೋನ್ ಮಾಡಿದಳು. ಅದೇ ಉತ್ಸವದಿಂದ ಮತ್ತೆ ಕರೆ ಬಂದಿತ್ತು. “ಜಾಗ ಮಣ್ಣಿಂದೋ ಸಿಮಿಟಿಂದೋ ಕೇಳಿ ಹೇಳ್ರಿ ಅಕ್ಕೋರ, ನಾವು ಕೇಳಿದ್ರ ಹೇಳಂಗಿಲ್ಲ” ಎಂದಳು. ನಾನು ಕೇಳಿದೆ. “ಮೊದಲು ಬರಲಿ, ಬಂದ ಮೇಲೆ ನೋಡೋಣ” ಎಂದರು. ಅದನ್ನೇ ಅವಳಿಗೆ ತಿಳಿಸಿದೆ. ಅತ್ತೆಯೊಡನೆ ಏನೋ ಮಾತನಾಡಿದ್ದು ಫೋನಿನಲ್ಲಿ ಕೇಳಿಸಿತು. ಅದೇ ವಾರ ಪಕ್ಕದ ತಾಲ್ಲೂಕಿನಲ್ಲಿ ಒಂದು ಉರೂಸ್ ಇದೆ, ಚಾಚಾ ಕೂಡ ಅಲ್ಲಿಗೇ ಬರುತ್ತಾರಂತೆ, ತಾವು ಅಲ್ಲಿಗೆ ಹೋಗುವುದಾಗಿ ಹೇಳಿದಳು. ಮಗಳು ಆರನೆಯ ತರಗತಿಗೆ ಹೋಗುತ್ತಿದ್ದಾಳೆ, ಕೂಸು ನಡೆಯಲು ಕಲಿತಿದೆ ಎಂದೂ ಹೇಳಿದಳು.